ಆಷಾಢದ ಮದುವೆ

ಓದುವ ಎಲ್ಲರಿಗೂ ಸವಣೂರಿನವನ ಶರಣು. ನಾನು ಮೀಸೆ ಬಂದ ಮೇಲೆ ಹತ್ತನೇ ತರಗತಿ ಪಾಸಾದವನು. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಒತ್ತಕ್ಷರ ಎಲ್ಲಾದರೂ ತಪ್ಪಿ ಇನ್ನೊಬ್ಬರ ಕಾಲಿಗೆ ಬಿದ್ದಿದ್ದರೆ ನಾನು ನಿಮ್ಮ ಮನೆಯವನೇ ಎಂದು ತಿಳಿದು ತಿದ್ದಿಕೊಳ್ಳಿ.

ಮಕ್ಕಳಾಗದವರ ಆಸ್ಪತ್ರೆಗೆ ಹೋಗುವಾಗ ಹಳೆಯ ರಿಪೋರ್ಟು, ಸ್ಕ್ಯಾನಿನ ಫೋಟೊ, ನೀರಿನ ಬಾಟಲಿ ಎಲ್ಲ ಬೇಕು. ಆದರೆ ಎಲ್ಲಕ್ಕಿಂತ ಮೊದಲು ತಯಾರು ಮಾಡಿಕೊಳ್ಳಬೇಕಾದದ್ದು ಒಂದು ಒಳ್ಳೆಯ ಸುಳ್ಳು.

ಕಳೆದ ಸಲ ನಾವು ಖರೆ ಹೇಳಿಯೇ ಹುಬ್ಬಳ್ಳಿಗೆ ಹೋಗಿದ್ದೆವು. ಸಂಜೆ ಬಸ್ಸಿಳಿದು ಬರುವಾಗ ಓಣಿಯ ಪ್ರತಿ ಕಟ್ಟೆಯಿಂದಲೂ ಒಂದೇ ಪ್ರಶ್ನೆ: "ಏನಂದ್ರಬೇ ಡಾಕ್ಟರು?" ಡಾಕ್ಟರು ಅಂದದ್ದು ಈ ಸಲವೂ ಗರ್ಭ ನಿಂತಿಲ್ಲ ಎಂದು. ಅದನ್ನೇ ಕಟ್ಟೆ ಕಟ್ಟೆಗೂ ಹೇಳುತ್ತಾ ಬಂದ ನನ್ನ ಹೆಂಡತಿ ಶಿವಲೀಲಾ, ಮನೆಯೊಳಗೆ ಬಂದವಳೇ ಚಪ್ಪಲಿ ಕೂಡ ಬಿಡದೆ ಗೋಡೆಗೆ ಮುಖ ಮಾಡಿ ಕುಳಿತಳು. ಮೊನ್ನೆ ಮತ್ತೆ ಆಸ್ಪತ್ರೆಯಿಂದ ಕರೆ ಬಂದಾಗ ಅವಳು ಅಂದದ್ದು ಇಷ್ಟೇ: "ಇದ ಕಡೀ ಸಲ. ಮುಂದ ನೀವು ಕಾಲು ಹಿಡದ್ರೂ ನಾ ಆ ಮೆಟ್ಲಾ ಹತ್ತಾಂಗಿಲ್ಲ."

ನನ್ನದು ವೀಳ್ಯದೆಲೆ ತೋಟದ ಕೆಲಸ. ಬಳ್ಳಿಯನ್ನು ನೋಡಿ ಎಷ್ಟೋ ಸಲ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಹಚ್ಚಗೆ ಎಲೆ ಬಿಟ್ಟುಕೊಂಡು ಆರಾಮ ಇರುತ್ತದೆ. ಊರು ಆ ಎಲೆಯನ್ನು ದೇವರ ಮುಂದೆಯೂ ಇಡುತ್ತದೆ, ಲಗ್ನದಲ್ಲಿಯೂ ಹಂಚುತ್ತದೆ. ಕಾಯಿ ಯಾಕೆ ಬಿಡಲಿಲ್ಲ ಎಂದು ಇವತ್ತಿನವರೆಗೆ ಒಬ್ಬರೂ ಅದನ್ನು ಕೇಳಿಲ್ಲ. ಮನುಷ್ಯರಿಗೆ ಈ ಸವಲತ್ತು ಇಲ್ಲ.

ಅದಕ್ಕೆ ಈ ಸಲ ಮದುವೆಗೆ ಹೊರಟಿದ್ದೇವೆ ಎಂದು ಹೇಳುವುದೆಂದು ನಿಶ್ಚಯಿಸಿದೆವು. ಮದುವೆಯಿಂದ ಬಂದವರನ್ನು ಊಟ ಹೇಗಿತ್ತು ಎಂದಷ್ಟೇ ಕೇಳುತ್ತಾರೆ. ಸುಳ್ಳಿಗೆ ತಕ್ಕಂತೆ ಅವಳು ಇಳಕಲ್ ಸೀರೆ ಉಟ್ಟಳು, ನಾನು ಹೊಸ ಧೋತರ ಉಟ್ಟೆ. ಇವತ್ತು ಬೆಳಿಗ್ಗೆ ಬಾಗಿಲು ಹಾಕುತ್ತಿದ್ದಾಗ ಪಕ್ಕದ ಮನೆಯ ಗಂಗವ್ವಕಾಕು ಕಸಬರಿಗೆ ಹಿಡಿದುಕೊಂಡೇ ಬಂದಳು.

"ದೂರ ಹೊಂಟೀರೇನೋ ತಮ್ಮಾ?"

"ಹುಬ್ಬಳ್ಳಿಗೆ ಕಾಕು, ಮದವಿಗೆ."

"ಯಾರದಪಾ?"

ನಾನು "ಹಿರೇಬೆಂಡಿಗೇರಿಯವರದು" ಅನ್ನುವುದಕ್ಕೂ ಶಿವಲೀಲಾ "ಹಾನಗಲ್ಲವರದು" ಅನ್ನುವುದಕ್ಕೂ ಸರಿಹೋಯಿತು. ಗಂಡಿನವರು ಹಿರೇಬೆಂಡಿಗೇರಿ, ಹೆಣ್ಣಿನವರು ಹಾನಗಲ್ಲು ಎಂದು ಅಲ್ಲಿಯೇ ನಿಂತು ಎರಡೂ ಸುಳ್ಳಿಗೆ ಲಗ್ನ ಮಾಡಿಸಿದೆ.

"ಚಲೋ ಆತು. ಬರ್ರಿ, ಒಗ್ಗರಣಿ ಅವಲಕ್ಕಿ ಮಾಡೇನಿ, ತಿಂದು ಹೋಗ್ರಿ."

ಆಸ್ಪತ್ರೆಯವರು ಏನೂ ತಿನ್ನದೆ ಬರಬೇಕೆಂದು ಹೇಳಿದ್ದರು, ರಕ್ತ ತೆಗೆಯುವುದಿತ್ತು. ಶಿವಲೀಲಾ ಬೇಡವೆಂದಳು.

"ಅಯ್ಯ, ಮದವಿಗೆ ಹೋಗಾಕಿ ಖಾಲಿ ಹೊಟ್ಟೀಲೆ ಹೊಂಟೀಯೇನ?"

ಖಾಲಿ ಹೊಟ್ಟೆ ಎಂಬ ಮಾತು ಕಾಕುವಿನ ಬಾಯಿಂದ ಬಿದ್ದೇ ಬಿಟ್ಟಿತು. ಶಿವಲೀಲಾ ಕೀಲಿಕೈಯನ್ನೇ ನೋಡುತ್ತಾ ನಿಂತಳು. ಗಂಗವ್ವಕಾಕು ಕಸಬರಿಗೆ ಕೆಳಗಿಟ್ಟು ಸರಸರನೆ ಒಳಗೆ ಹೋದಳು. ಬಂದಾಗ ಕೈಯಲ್ಲಿ ಕುಬಸದ ಖಣ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅರಿಶಿನ ಬೇರು.

"ನನ್ನ ಹೆಸರೀಲೆ ಮದಮಗಳಿಗೆ ಉಡಿ ತುಂಬು. ಚೀಲದಾಗ ಹಾಕಬ್ಯಾಡ ಮತ್ತ. ಉಡೀ ಸಾಮಾನ ಚೀಲದಾಗ ಒಯ್ಯಬಾರದು. ಅಲ್ಲೀಮಟ ನಿನ್ನ ಉಡ್ಯಾಗ ಇರ್ಲಿ."

ಅಂಥ ಪದ್ಧತಿಯನ್ನು ನಾನಂತೂ ಕೇಳಿಲ್ಲ. ಆದರೆ ಅವಳು ತಾನೇ ಎಲ್ಲವನ್ನೂ ಶಿವಲೀಲಾಳ ಸೆರಗಿಗೆ ಸುರಿದು, ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿ, ಹಣೆಗೆ ಕುಂಕುಮ ಹಚ್ಚಿ ಒಳಗೆ ಹೋದಳು. ತಿರುಗಿ ನೋಡಲಿಲ್ಲ.

ಬಸ್ಸು ಶಿಗ್ಗಾಂವಿ ದಾಟಿ ಗೊಟಗೋಡಿಯ ಹತ್ತಿರ ಬಂದಿತ್ತು. ಶಿವಲೀಲಾ ಸೆರಗಿನ ಗಂಟಿನ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದವಳು ಮೆಲ್ಲಗೆ ಅಂದಳು, "ಏನ್ರೀ, ಈಗ ಆಷಾಢ ಅಲ್ಲೇನು?"

ಆಷಾಢದಲ್ಲಿ ನಮ್ಮ ಕಡೆ ಯಾರು ಮದುವೆ ಮಾಡುತ್ತಾರೆ? ಎರಡು ದಿನ ಕುಳಿತು ಹೆಣೆದ ಸುಳ್ಳಿಗೆ ತಿಂಗಳು ನೋಡುವುದನ್ನೇ ಮರೆತಿದ್ದೆವು. ಗಂಗವ್ವಕಾಕು ಮರೆತಿರಲಿಲ್ಲ. ಮದುಮಗಳು ಇಲ್ಲವೆಂದು ಗೊತ್ತಿದ್ದೇ ಆ ಉಡಿಯನ್ನು ಯಾರಿಗೆ ತುಂಬಬೇಕೋ ಅವಳಿಗೇ ತುಂಬಿದ್ದಳು. ಶಿವಲೀಲಾ ನಕ್ಕಳು. ನಗುತ್ತಾ ನಗುತ್ತಾ ಸೆರಗು ಹಿಡಿದು ಅತ್ತಳು. ಮುಂದಿನ ಸೀಟಿನವರು ತಿರುಗಿ ನೋಡಿದರು. ತವರಿನ ನೆನಪು ಎಂದು ಇನ್ನೊಂದು ಸುಳ್ಳು ಹೇಳಿದೆ.

ಈಗ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಅವಳು ಒಳಗಿದ್ದಾಳೆ. ಇದೆಲ್ಲ ಒಳಗೆ ತರುವಂತಿಲ್ಲ ಎಂದು ನರ್ಸಮ್ಮ ಹೇಳಿದ್ದಕ್ಕೆ ಗಂಟು ಬಿಚ್ಚಿ ನನ್ನ ಧೋತರದ ಮಡಿಲಿಗೆ ಸುರಿದು, "ಕೆಳಗ ಇಡಬ್ಯಾಡ್ರಿ ಮತ್ತ" ಎಂದು ಹೋದಳು. ಖರೆ ಹೇಳಬೇಕೆಂದರೆ ಈ ಸಲವೂ ನನಗೆ ಆಸೆ ಇಲ್ಲ. ಅವಳ ಮುಖದಲ್ಲಿಯೂ ಕಾಣಲಿಲ್ಲ. ಗಂಡಸಿಗೆ ಯಾರೂ ಉಡಿ ತುಂಬುವುದಿಲ್ಲ, ಅದಕ್ಕೇ ಅದರ ಭಾರ ಇಷ್ಟಿರುತ್ತದೆಂದು ನನಗೆ ತಿಳಿದಿರಲಿಲ್ಲ. ಕಾಲು ಜೋಮು ಹಿಡಿದಿದೆ, ಏಳುವಂತಿಲ್ಲ. ಎದ್ದರೆ ಅಕ್ಕಿ ಚೆಲ್ಲುತ್ತದೆ.

ನೀವೂ ಹೀಗೆ ಇಲ್ಲದ ಮದುವೆಗೆ ಹೋಗಿ ಬಂದವರಿದ್ದರೆ ದಯಮಾಡಿ ಬರೆಯಿರಿ. ಊಟ ಹೇಗಿತ್ತು ಎಂದು ಕೇಳಿದವರಿಗೆ ಏನು ಹೇಳಿದಿರಿ? ಗಂಗವ್ವಕಾಕು ಕೇಳುವುದಿಲ್ಲ, ಗೊತ್ತು. ಆದರೆ ಸಂಜೆ ಬಸ್ಸಿಳಿದ ಮೇಲೆ ಅವಳ ಕಟ್ಟೆಗಿಂತ ಮೊದಲು ಬೇರೆ ಕಟ್ಟೆಗಳಿವೆ.