ಮಾಜುಂಗುವಿನ ಗಾಡಿಗೆ ಹೆಂಡ ಕುಡಿಸಿದ್ದು

ಹೊಸ ಕಾರು ಮನೆಗೆ ಬಂದ ಮೂರನೇ ವಾರದಿಂದ ಮಾಜುಂಗುವಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಲೆಯ ಮೇಲೆ ಮೆಕ್ಕೆಜೋಳದ ಹಿಟ್ಟು ಬೇಯುತ್ತಿದ್ದರೆ ಸೌಟು ಕೈಯಲ್ಲೇ ಹಿಡಿದು ಅಂಗಳಕ್ಕೆ ಓಡುವಳು. ಗಾಡಿ ಶುರುಮಾಡಿ, ಕಿವಿಗೊಟ್ಟು ಕೇಳಿ, ಆರಿಸಿ ಒಳಗೆ ಬರುವಷ್ಟರಲ್ಲಿ ಹಿಟ್ಟು ತಳ ಹಿಡಿದಿರುತ್ತಿತ್ತು. ಎಷೋವೆಯ ಆಸ್ಪತ್ರೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ನೂರಾರು ರೋಗಿಗಳಿಗೆ ಬೇಯಿಸಿ ಹಾಕಿ ಒಂದು ದಿನವೂ ತಳ ಹಿಡಿಸದ ಹೆಂಗಸು ಅವಳು.

ಕಾರು ಕೊಂಡದ್ದು ಶೋಕಿಗಲ್ಲ, ಅಣ್ಣನಿಗಾಗಿ. ಗಂಡ ತೀರಿಕೊಂಡ ಮೇಲೆ, ಜುಂಗು ಕುಲದ ಮಗಳಾದ ಅವಳು ತೌರಿನ ಅಂಗಳಕ್ಕೇ ಬಂದು, ಅಣ್ಣ ಎಲ್ಫಸ್ ಜುಂಗುವಿನ ಮನೆಯ ಪಕ್ಕದಲ್ಲಿ ಎರಡು ಕೋಣೆ ಹಾಕಿಕೊಂಡಿದ್ದಳು. ಎಲ್ಫಸನ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಸೋಮವಾರ, ಗುರುವಾರ ಎಂಪಂಗೇನಿ ಪಟ್ಟಣಕ್ಕೆ ಹೋಗಿ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಹದಿನೈದು ಜನ ತುಂಬದೆ ಟ್ಯಾಕ್ಸಿ ವ್ಯಾನು ಹೊರಡುವುದಿಲ್ಲ. ವಾಪಸು ಬರುವಾಗ ಅವನು ಹಿಂಡಿದ ಬಟ್ಟೆಯ ಹಾಗೆ ಆಗಿ, ಗುರುತಿಲ್ಲದವರ ಗಂಟಿನ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದ. ಅದನ್ನು ನೋಡಲಾರದೆ ಅವಳು ನಿವೃತ್ತಿಯ ದುಡ್ಡನ್ನೆಲ್ಲ ಸುರಿದಳು. ಹಳೆಯದನ್ನು ತೆಗೆದುಕೋ ಎಂದವರಿಗೆ, "ಹಳೇ ಗಾಡಿ ಅಂದ್ರೆ ಇನ್ನೊಬ್ಬರ ಕಾಯಿಲೆ ಕೊಂಡ್ಕೊಂಡ ಹಾಗೆ. ಕಾಯಿಲೆ ನಮ್ಮನೇಲೇ ಬೇಕಾದಷ್ಟಿದೆ" ಎಂದಿದ್ದಳು.

ಫೆಬ್ರವರಿ ನಾಲ್ಕಕ್ಕೆ ಗಾಡಿ ಕೈಗೆ ಬಂತು. ಹದಿನೆಂಟಕ್ಕೆ ಮೊದಲ ಸಲ ನಿಂತಿತು. ಏರು ಹತ್ತುವಾಗ ಎರಡು ಸಲ ಬಿಕ್ಕಿ, ಉಸಿರು ಕಟ್ಟಿದವರ ಹಾಗೆ ನಿಂತೇಬಿಟ್ಟಿತು. ಹತ್ತು ನಿಮಿಷ ಬಿಟ್ಟು ಬೀಗದ ಕೈ ತಿರುಗಿಸಿದರೆ ಏನೂ ಆಗಿಲ್ಲವೆಂಬ ಹಾಗೆ ಶುರುವಾಯಿತು. ಎಂಪಂಗೇನಿಯಲ್ಲಿ ಗಾಡಿ ಕೊಂಡ ಅಂಗಡಿಗೇ ಒಯ್ದಳು. ಅಲ್ಲಿನ ಗ್ಯಾರೇಜಿನ ಮೇಲ್ವಿಚಾರಕ ವೆಸೆಲ್ಸ್, ಕೆಂಪು ಮುಖದ, ಸದಾ ಪೆನ್ನು ಕಚ್ಚುವ ಮನುಷ್ಯ. ಒಂದು ದಿನ ಇಟ್ಟುಕೊಂಡು, "ಏನೂ ಇಲ್ಲಮ್ಮ, ಹೊಸ ಗಾಡಿ. ಹೊಂದಿಕೊಳ್ಳೋಕೆ ಸ್ವಲ್ಪ ದಿನ ಬೇಕು. ಐದು ವರ್ಷ ವಾರಂಟಿ ಇದೆಯಲ್ಲ, ಯಾಕೆ ಯೋಚನೆ?" ಎಂದು ಬೀಗದ ಕೈ ಕೊಟ್ಟ. ಗಾಡಿ ನೋಡಿದ್ದಕ್ಕೆ ಚೀಟಿ ಕೊಡಲಿಲ್ಲ. ಇವಳೂ ಕೇಳಲಿಲ್ಲ. ಹೊಸ ಸೊಸೆಯ ಹಾಗೆ ಗಾಡಿಯೂ ಹೊಂದಿಕೊಳ್ಳಲಿ ಎಂದುಕೊಂಡು ಬಂದಳು.

ಮಾರ್ಚಿನಲ್ಲಿ ಅವರ ಚಿಕ್ಕಪ್ಪ ತೀರಿಕೊಂಡ. ಹೆಣದ ಗಾಡಿಯ ಹಿಂದೆಯೇ ಮಾಜುಂಗುವಿನ ಗಾಡಿ. ಚರ್ಚಿನ ಏರಿನಲ್ಲಿ ಅದು ಮತ್ತೆ ಬಿಕ್ಕಿ ನಿಂತಿತು. ಕರಿ ಕೋಟು ತೊಟ್ಟ ಆರು ಗಂಡಸರು ಬೆವರು ಸುರಿಸಿ ತಳ್ಳಿದರು. ಹೆಂಗಸರು ಹಾಡು ನಿಲ್ಲಿಸದೆ ಅಕ್ಕಪಕ್ಕ ನಡೆದರು. ಸತ್ತವನು ಮೊದಲು ತಲುಪಿದ, ಬದುಕಿದ್ದವರು ಅರ್ಧ ಗಂಟೆ ತಡ.

ಸಾವಿನ ಮನೆಯ ಮೈಲಿಗೆ ಕಳೆಯುವ ತನಕ ಹೊಸದೇನನ್ನೂ ಹಿರಿಯರ ಮುಂದಿಡುವ ಹಾಗಿಲ್ಲ. ಗುಂಡಿ ತೋಡಿದ ಸಲಿಕೆಗಳನ್ನು ತೊಳೆದು, ಹೆಂಡ ಹಂಚಿದ ಮೇಲೆ ತಾನೇ ಮಿಕ್ಕ ಮಾತು. ಆ ಸಲಿಕೆ ತೊಳೆಯುವ ಶಾಸ್ತ್ರ ಮೇ ತಿಂಗಳಲ್ಲಿ ಮುಗಿಯಿತು. ಮುಂದಿನ ಶನಿವಾರ ಎಲ್ಫಸ್ ಅಂಗಳಕ್ಕೆ ಬಂದ. ಒಂದು ಕೈಯಲ್ಲಿ ಧೂಪದ ಸೊಪ್ಪಿನ ಹೊಗೆ, ಇನ್ನೊಂದರಲ್ಲಿ ಜೋಳದ ಹೆಂಡದ ಮಣ್ಣಿನ ಗಡಿಗೆ. ಡಾಕ್ಟರು ಕುಡಿಯಬೇಡ ಎಂದ ಮೇಲೆ ಅವನು ಒಂದು ತೊಟ್ಟೂ ಬಾಯಿಗಿಟ್ಟವನಲ್ಲ. ಹಿರಿಯರಿಗೆ ಮಾತ್ರ ಕಡಿಮೆ ಮಾಡುತ್ತಿರಲಿಲ್ಲ.

"ಮಂಜಿನಿ! ಗ್ವಾಬಿನಿ! ನಿಮ್ಮ ಮಗಳು ಗಾಡಿ ತಂದಿದ್ದಾಳೆ. ದಾರೀಲಿ ಕಾಯಿರಿ!" ಎಂದು ಕುಲದ ಹಿರಿಯರ ಹೆಸರು ಹಿಡಿದು ಕೂಗಿ, ನಾಲ್ಕು ಗಾಲಿಗೂ ಚಿಮುಕಿಸಿದ. ಆಮೇಲೆ, "ಬಾನೆಟ್ಟು ತೆಗಿಯೇ" ಎಂದ.

"ಬೇಡ ಬಿಡಣ್ಣ, ಗಾಲಿಗೆ ಸಾಕು."

"ಗಾಲಿ ಕಾಲು. ಗಂಟಲಿಗೆ ಹಾಕದೆ ಕಾಲಿಗೆ ಹಾಕಿದ್ರೆ ಯಾರ ದಾಹ ತೀರುತ್ತೆ? ತೆಗಿ."

ತೆಗೆದಳು. ಮನೆಯ ಹಿರಿಯ, ಮೈಯಲ್ಲಿ ಹುಷಾರಿಲ್ಲದವನು. ಬೇಡ ಎನ್ನುವ ಬಾಯಿ ಯಾವುದು? ಅವನು ಒಂದು ಸೋರೆಬುರುಡೆ ತುಂಬ ಸುರಿದ. ಹುಳಿ ವಾಸನೆ ಎದ್ದಿತು.

ಜೂನಿನಲ್ಲಿ ಗಾಡಿ ಎರಡು ಸಲ ನಿಂತಿತು. ಜುಲೈ ತಿಂಗಳ ಒಂದು ಗುರುವಾರ, ಅಣ್ಣನನ್ನು ಯಂತ್ರದಿಂದ ಇಳಿಸಿಕೊಂಡು ಬರುವಾಗ, ಹೆದ್ದಾರಿಯ ತಿರುವಿನಲ್ಲೇ ನಿಂತಿತು. ಹಿಂದೆ ಕಬ್ಬಿನ ಲಾರಿ. ಅದರ ಹಾರನ್ ಸದ್ದು ಬೆನ್ನ ಮೇಲೇ ಬಿದ್ದ ಹಾಗಾಯಿತು. ಲಾರಿ ಒಂದು ಮೊಳ ಅಂತರದಲ್ಲಿ ಪಕ್ಕಕ್ಕೆ ಹೊರಳಿತು. ಕಬ್ಬಿನ ಜಲ್ಲೆಗಳು ಗಾಜಿಗೆ ಬಡಿದವು. ಎಲ್ಫಸ್ ಕಣ್ಣೂ ತೆರೆಯಲಿಲ್ಲ, ಅವನಿಗೆ ಅಷ್ಟು ಶಕ್ತಿ ಇರಲಿಲ್ಲ. ಅಂದಿನಿಂದ ಅವಳು ಅಣ್ಣನನ್ನು ಆ ಗಾಡಿಯಲ್ಲಿ ಕೂರಿಸಲಿಲ್ಲ. ಮತ್ತೆ ಟ್ಯಾಕ್ಸಿ, ಮತ್ತೆ ಯಾರದೋ ಗಂಟು.

ಗ್ಯಾರೇಜಿನಲ್ಲಿ ವೆಸೆಲ್ಸ್ ಬಾನೆಟ್ಟು ಎತ್ತಿದವನೇ ಮೂಗು ಮುಚ್ಚಿಕೊಂಡ. ಫ್ಯೂಸಿನ ಡಬ್ಬಿಯ ಸುತ್ತ ಒಣಗಿ ಹತ್ತಿದ ಜೋಳದ ತರಿ. ಎಲ್ಲ ಕಡೆಯಿಂದ ಫೋಟೋ ತೆಗೆದ.

"ಇದೇನಮ್ಮ ಇದು?"

"ಹೆಂಡ. ನಮ್ಮಣ್ಣ ಹಿರಿಯರಿಗೆ ಹಾಕಿದ್ದು. ಆದ್ರೆ ಗಾಡಿ ಅದಕ್ಕೂ ಮುಂಚೇನೇ ನಿಲ್ತಿತ್ತು. ಫೆಬ್ರವರೀಲಿ ನಿಮ್ಮ ಹತ್ರಾನೇ ತಂದಿದ್ದೆ."

"ಕಂಪ್ಯೂಟರಲ್ಲಿ ಏನೂ ಇಲ್ಲವಲ್ಲ" ಎಂದು ವೆಸೆಲ್ಸ್ ಪೆನ್ನು ಕಚ್ಚಿದ. ಎರಡು ದಿನಕ್ಕೆ ಕಾಗದ ಬಂತು: ಗಿರಾಕಿ ಹೊರಗಿನಿಂದ ದ್ರವ ಸುರಿದ ಕಾರಣ ವಾರಂಟಿ ಅನ್ವಯಿಸುವುದಿಲ್ಲ.

ಎಲ್ಫಸ್ ಕಾಗದವನ್ನು ಮೂರು ಸಲ ಓದಿಸಿಕೊಂಡ. ಅಂದಿನಿಂದ ಅಂಗಳದಲ್ಲಿ ಯಾರಾದರೂ ಗಾಡಿಯ ಮಾತೆತ್ತಿದರೆ, ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿಕೊಂಡವನ ಹಾಗೆ ಎದ್ದು ಒಳಗೆ ಹೋಗುತ್ತಿದ್ದ. ಒಂದು ಮಧ್ಯಾಹ್ನ ತಾನಾಗೇ ಬಂದು ಕೂತ.

"ನಾನು ಸುರಿದೇ ಇಲ್ಲ ಅಂತ ಹೇಳ್ಬಿಡ್ತೀನಿ ತಂಗಿ. ಗ್ಯಾರೇಜಿನ ಕೆಲಸದವರೇ ಏನೋ ಚೆಲ್ಲಿದ್ದಾರೆ ಅನ್ನೋಣ."

"ಹಿರಿಯರಿಗೆ ಕೊಟ್ಟಿದ್ದನ್ನ ಕೊಟ್ಟಿಲ್ಲ ಅಂತೀಯಾ?"

ಅವಳಿಗೂ ಒಳಗೊಳಗೆ ಸುಳ್ಳಿನ ಆಸೆ ಹುಟ್ಟಿತ್ತು, ಇಲ್ಲವೆಂದಲ್ಲ. ಆದರೆ ತನ್ನ ಬಾಯಿಂದಲೇ ಈ ಮಾತು ಬಿದ್ದ ಮೇಲೆ ಆ ದಾರಿ ಮುಚ್ಚಿತು.

ಚರ್ಚಿನ ಹಿಂದಿನ ಕೋಣೆಯಲ್ಲಿ ಮಂಗಳವಾರ ಮಂಗಳವಾರ ಕಾನೂನಿನ ಸಲಹೆ ಹೇಳುವ ನೊಕ್ವಾಜಿ ಎಂಬ ಹೆಂಗಸು ಕೂರುತ್ತಿದ್ದಳು. ಮಾಜುಂಗು ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ, ಕಾಲು ಸುಟ್ಟ ಬೆಕ್ಕಿನ ಹಾಗೆ ಜಗಲಿಯ ಮೇಲೆ ಅತ್ತಿತ್ತ ತಿರುಗಿದಳು. ನೊಕ್ವಾಜಿ ಕಾಗದ ಓದಿ, ಗಾಡಿ ಕೊಂಡ ತಾರೀಖು ನೋಡಿ, ಗೋಡೆಯ ಕ್ಯಾಲೆಂಡರಿಗೆ ಬೆರಳಿಟ್ಟಳು.

"ಮಾ, ವಾರಂಟಿ ಅನ್ನೋದು ಕಂಪನಿ ಕೊಟ್ಟ ಮಾತು. ಅದರ ಮೇಲೆ ದೇಶದ ಕಾನೂನೇ ಒಂದಿದೆ. ಕೊಂಡ ಆರು ತಿಂಗಳೊಳಗೆ ಮಾಲು ಕೆಟ್ಟಿದ್ರೆ ವಾಪಸ್ ಕೊಡಬಹುದು. ರಿಪೇರಿ ಬೇಕೋ, ಬೇರೆ ಗಾಡಿ ಬೇಕೋ, ದುಡ್ಡು ಬೇಕೋ, ಅದು ನೀವು ಹೇಳೋದು. ಅವರಲ್ಲ."

"ಆರು ತಿಂಗಳು ಅಂದ್ರೆ?"

"ಬರೋ ಸೋಮವಾರ ಮುಗಿಯುತ್ತೆ."

ಮಾಜುಂಗು ಎದ್ದೇ ನಿಂತಳು.

"ಕೂತ್ಕೊಳ್ಳಿ ಮಾ. ನೀವೇ ಕೆಡಿಸಿದ್ದು ಅಂತ ಅವರು ಹೇಳ್ತಿದ್ದಾರೆ. ಆ ಮಾತು ನಿಂತ್ರೆ ನಿಮ್ಮ ಕೇಸು ಬಿತ್ತು. ಹೆಂಡಕ್ಕೆ ಮುಂಚೆ ಗಾಡಿ ನಿಂತಿತ್ತು ಅನ್ನೋದಕ್ಕೆ ಏನಿದೆ?"

"ಊರೆಲ್ಲ ನೋಡಿದೆ. ಚಿಕ್ಕಪ್ಪನ ಹೆಣದ ಹಿಂದೆ ಆರು ಜನ ತಳ್ಳಿದ್ರು!"

"ಊರನ್ನೆಲ್ಲ ಎಂಪಂಗೇನಿಗೆ ಕರ್ಕೊಂಡು ಹೋಗೋಕೆ ಆಗುತ್ತಾ? ಆ ಸಾವಿಗೆ ವಿಡಿಯೋದವನು ಬಂದಿರಲಿಲ್ವಾ?"

ಗಾಡಿ ವಾಪಸು ಕೊಡುವ ಕಾಗದವನ್ನು ನೊಕ್ವಾಜಿ ಬರೆದುಕೊಟ್ಟಿದ್ದೇ ತಡ, ಮಾಜುಂಗು ಥ್ಯಾಂಕ್ಸ್ ಕೂಡ ಹೇಳದೆ ಹೊರಟಳು.

ಮದುವೆ, ಸಾವು, ಎರಡನ್ನೂ ಒಂದೇ ಕ್ಯಾಮೆರಾದಲ್ಲಿ ತೆಗೆಯುವ ಖುಲೆಕಾನಿ ಆ ವಾರ ಬೇರೆ ಊರಿನ ಮದುವೆಗೆ ಹೋಗಿದ್ದ. ಬುಧವಾರ ಇಲ್ಲ, ಗುರುವಾರ ಇಲ್ಲ, ಶುಕ್ರವಾರ ಫೋನೇ ಹತ್ತಲಿಲ್ಲ. ಶನಿವಾರ ಸಂಜೆ ಅವನ ಮನೆಯ ಬಾಗಿಲಲ್ಲೇ ಅಣ್ಣ ತಂಗಿ ಕಾದು ಕೂತಿದ್ದರು.

"ಅಳಿಸಿರಬಹುದು ಮಾ" ಎಂದ ಅವನು ತಲೆ ಕೆರೆದು. "ನಿಮ್ಮ ಚಿಕ್ಕಮ್ಮ ಇನ್ನೂ ಬಂದು ತಗೊಂಡೇ ಹೋಗಿಲ್ಲ."

"ಅಳಿಸಿದ್ರೆ ನಿನ್ನ ಸಾವಿನ ವಿಡಿಯೋ ನಾನೇ ತೆಗೀತೀನಿ. ಹುಡುಕು."

ಸಿಕ್ಕಿತು. ಟೀವಿಯಲ್ಲಿ ಚರ್ಚಿನ ಏರು ಬಂತು. ಗಾಡಿ ಬಿಕ್ಕಿತು, ನಿಂತಿತು. ಗಂಡಸರು ಕೋಟು ಬಿಚ್ಚಿದರು. ಯಾರೋ ಬಾನೆಟ್ಟು ಎತ್ತಿದರು. ಖುಲೆಕಾನಿ ಕೆಲಸವಿಲ್ಲದೆ ಕ್ಯಾಮೆರಾವನ್ನು ಅಲ್ಲಿಗೂ ತಿರುಗಿಸಿದ್ದ. ಒಳಗೆಲ್ಲ ಹೊಸ ತಟ್ಟೆಯ ಹಾಗೆ ಫಳಫಳ. ಆಗ ಹಿಂದಿನಿಂದ ಒಬ್ಬನ ನಗೆ ಕೇಳಿಸಿತು: "ಜುಂಗು, ಒಂದು ಬುರುಡೆ ಹೆಂಡ ಹಾಕಯ್ಯ, ಹತ್ತುತ್ತೆ!" ಅದಕ್ಕೆ ಎಲ್ಫಸನದೇ ಗದರಿಕೆ: "ಬಾಯಿ ಮುಚ್ಚು! ಸಲಿಕೆ ತೊಳೆಯೋ ತನಕ ಇದಕ್ಕೆ ಒಂದು ತೊಟ್ಟು ಹೆಂಡ ತಾಕೋ ಹಾಗಿಲ್ಲ. ಹಿರಿಯರಿಗೆ ಇನ್ನೂ ಹೇಳೇ ಇಲ್ಲ!"

ಟೀವಿಯ ಮುಂದೆ ಕೂತಿದ್ದ ಎಲ್ಫಸ್ ತನ್ನ ಮಾತು ತಾನೇ ಕೇಳಿ ತೊಡೆ ತಟ್ಟಿಕೊಂಡ. "ಇನ್ನೊಂದು ಸಲ ಹಾಕೋ!" ನಾಲ್ಕು ಸಲ ಹಾಕಿಸಿದ. ಚಿಕ್ಕಪ್ಪನ ಪೆಟ್ಟಿಗೆ ನಾಲ್ಕು ಸಲ ಗುಡ್ಡ ಹತ್ತಿತು.

ಸೋಮವಾರ ಹೇಗೂ ಯಂತ್ರದ ದಿನ. ಅವನು ಟ್ಯಾಕ್ಸಿಯಲ್ಲಿ ಬರಲಿ, ತಾನೊಬ್ಬಳೇ ಗಾಡಿ ಒಯ್ಯುತ್ತೇನೆ ಎಂದಳು. ಅವನು ಆಗಲೇ ಒಳಗೆ ಕೂತು ಬಾಗಿಲು ಹಾಕಿಕೊಂಡಿದ್ದ. "ಕುಡಿಸಿದ್ದು ನಾನು. ತಲುಪಿಸೋಕೂ ನಾನೇ ಬರ್ತೀನಿ." ತಿರುವು ಬಂದಾಗಲೆಲ್ಲ ಅವಳು ಗಾಡಿಯನ್ನು ರಸ್ತೆಯ ಅಂಚಿಗೇ ಒತ್ತಿ ಓಡಿಸಿದಳು. ಅರ್ಧ ದಾರಿಯಲ್ಲಿ ಗಾಡಿ ಬಿಕ್ಕಿತು. ಹೇಗೋ ರಸ್ತೆ ಬಿಟ್ಟು ಮಣ್ಣಿಗೆ ಇಳಿಸಿದಳು. ಹತ್ತು ನಿಮಿಷ. ಲಾರಿಗಳು ಹೋಗುತ್ತಲೇ ಇದ್ದವು. ಅವನು ಗಡಿಯಾರ ನೋಡಿದ, ಅವಳು ಕನ್ನಡಿ ನೋಡಿದಳು.

ಅಣ್ಣನನ್ನು ಆಸ್ಪತ್ರೆಯಲ್ಲಿ ಇಳಿಸಿ, ಗ್ಯಾರೇಜಿಗೆ ಬಂದು, ವೆಸೆಲ್ಸನ ಮೇಜಿನ ಮೇಲೆ ಬೀಗದ ಕೈ ಇಟ್ಟಳು. ಪಕ್ಕಕ್ಕೆ ನೊಕ್ವಾಜಿ ಬರೆದುಕೊಟ್ಟ ಕಾಗದ, ಅದರ ಮೇಲೆ ಚಿಕ್ಕಪ್ಪನ ಫೋಟೋ ಇರುವ ಸಾವಿನ ಪ್ರಾರ್ಥನೆಯ ಪುಸ್ತಿಕೆ. ಆಮೇಲೆ ಫೋನಿನಲ್ಲಿ ವಿಡಿಯೋ ತೋರಿಸಿದಳು. ವೆಸೆಲ್ಸನಿಗೆ ಅವರ ಭಾಷೆ ಚೆನ್ನಾಗಿ ಬರುತ್ತಿತ್ತು. ಹೆಂಡದ ಮಾತು ಬಂದಾಗ ಅವನ ತುಟಿ ಒಮ್ಮೆ ಅಲುಗಿತು, ನಗು ತಡೆದುಕೊಂಡ.

"ಇದು ಯಾವತ್ತಿನದು ಅಂತ ಹೇಗೆ ನಂಬೋದು?"

"ಪುಸ್ತಿಕೇಲಿ ತಾರೀಖಿದೆ. ನಮ್ಮ ಚಿಕ್ಕಪ್ಪ ಎರಡು ಸಲ ಸತ್ತಿಲ್ಲ."

"ಸರಿಯಮ್ಮ. ಕಂಪನಿಗೆ ಹೇಳಿ ಪುಕ್ಕಟೆ ರಿಪೇರಿ ಮಾಡಿಸಿಕೊಡ್ತೀನಿ."

"ರಿಪೇರಿ ಬೇಡ. ನಮ್ಮಣ್ಣ ಇದರಲ್ಲಿ ಇನ್ನು ಕೂರಲ್ಲ. ಬೇರೆ ಗಾಡಿ ಕೊಡಿ. ಇವತ್ತು ವಾಪಸ್ ತಗೊಂಡೆ ಅಂತ ಮೊಹರು ಹಾಕಿ."

"ನಾಳೆ ಮ್ಯಾನೇಜರು ಬರ್ತಾರೆ..."

"ನಾಳೆ ಆರು ತಿಂಗಳು ಮುಗಿದಿರುತ್ತೆ. ಕೂತಿರ್ತೀನಿ."

ಕೂರಲಿಲ್ಲ, ನಿಂತೇ ಇದ್ದಳು. ಬಂದ ಗಿರಾಕಿಗಳೆಲ್ಲ ಅವಳನ್ನೂ ಮೇಜಿನ ಮೇಲಿನ ಸತ್ತವನ ಫೋಟೋವನ್ನೂ ನೋಡುತ್ತಿದ್ದರು. ಹನ್ನೆರಡು ಹೊಡೆಯುವ ಮೊದಲು ಮೊಹರು ಬಿತ್ತು.

ಮುಂದಿನ ಐದು ವಾರ ಬೀಗದ ಕೈ ಇಲ್ಲದ ಕೈ ತುರಿಸುತ್ತಿತ್ತು. ಟ್ಯಾಕ್ಸಿಯಲ್ಲಿ ಅಣ್ಣನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ದುಡ್ಡೂ ಹೋಯಿತು, ಗಾಡಿಯೂ ಹೋಯಿತು ಎಂದು ಲೆಕ್ಕ ಹಾಕಿ ಹಾಕಿ ಅಳಿಸುತ್ತಿದ್ದಳು. ಕಂಪನಿ ಕಳಿಸಿದ ಪರೀಕ್ಷಕ ಗಾಡಿಯನ್ನು ಪೂರ್ತಿ ಬಿಚ್ಚಿದನಂತೆ. ದೋಷ ಇದ್ದದ್ದು ಹಿಂದಿನ ಸೀಟಿನ ಕೆಳಗೆ, ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪಿನಲ್ಲಿ. ಹೆಂಡ ಅಷ್ಟು ದೂರ ಹೋಗಿರಲೇ ಇಲ್ಲ.

"ನೋಡಿದ್ಯಾ?" ಎಂದ ಎಲ್ಫಸ್. "ನಮ್ಮ ಹಿರಿಯರು ಅಷ್ಟು ದಡ್ಡರಲ್ಲ."

ಸೆಪ್ಟೆಂಬರಿನಲ್ಲಿ ಬೇರೆ ಗಾಡಿ ಬಂತು. ಎಲ್ಫಸ್ ಗಡಿಗೆ ಹಿಡಿದು ಅಂಗಳಕ್ಕೆ ಬಂದಾಗ ಮಾಜುಂಗು ಬಾನೆಟ್ಟಿನ ಮೇಲೆ ಗಟ್ಟಿಯಾಗಿ ಕೂತಿದ್ದಳು.

"ಇಳಿಯೇ! ಹಿರಿಯರ ಮುಂದೆ ಹೀಗೆ ಕೂರ್ತಾರಾ?"

"ಅವರಿಗೆ ದಾಹ ಆಗಿದ್ರೆ ನೆಲಕ್ಕೆ ಹಾಕು. ಗಾಡಿಗೆ ದಾಹ ಇಲ್ಲ."

ಅವನು ಗೊಣಗುತ್ತಾ ನೆಲಕ್ಕೆ ಸುರಿದ, ಗಾಲಿಗೆ ಒಂದೊಂದು ಹನಿ. ಅದು ಮುಗಿಯುವ ತನಕ ಅವಳು ಇಳಿಯಲಿಲ್ಲ.

ಸೋಮವಾರ ಚರ್ಚಿನ ಏರು ಬಂದಾಗ ಅವಳು ರೇಡಿಯೋ ಆರಿಸಿದಳು. ಗಾಡಿ ಹತ್ತಿತು. "ಹತ್ತಿತಲ್ಲ, ಇನ್ನಾದ್ರೂ ಉಸಿರು ಬಿಡು" ಎಂದ ಅಣ್ಣ. "ಇನ್ನೂ ಹೆದ್ದಾರಿ ಇದೆ" ಎಂದಳು ಅವಳು, ಕಿವಿ ಇಂಜಿನ್ನಿನ ಕಡೆಗೇ ಇಟ್ಟು. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಗಾಲಿಗೆ ಗಾಳಿ ಹಿಡಿಸಿದಳು. ಆಮೇಲೆ ಗಾಳಿ ಹಾಕಿದ ಹುಡುಗನ ಮುಂದೆ ಕೈ ಚಾಚಿದಳು.

"ಚೀಟಿ ಕೊಡಪ್ಪ."

"ಗಾಳಿಗೆ ಯಾರು ಮಾ ಚೀಟಿ ಕೊಡ್ತಾರೆ?"

"ನೀನು ಕೊಡ್ತೀಯ. ತಾರೀಖು ಹಾಕು."