ಪುಟ್ಟಲಿಂಗಮ್ಮನ ಮಹಡಿಗೆ ಹಸು ಹತ್ತಿದ್ದು

ಹೆಬ್ಬಾಳದ ಆಚೆಗಿನ ಹೊಸ ಬಡಾವಣೆಯಲ್ಲಿ ಸೈಟಿನ ಬೆಲೆ ಕೇಳುವುದಕ್ಕೂ ಎದೆಗಾರಿಕೆ ಬೇಕು. ಪುಟ್ಟಲಿಂಗಮ್ಮ ಕೇಳಿದ್ದಷ್ಟೇ ಅಲ್ಲ, ಕೊಂಡಳು. ಕೊಂಡದ್ದಷ್ಟೇ ಅಲ್ಲ, ಮನೆ ಕಟ್ಟಿಯೇ ಬಿಟ್ಟಳು. ಗಂಡ ಲಿಂಗರಾಜುವಿಗೆ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಅವನ ಸಂಬಳ ನೋಡಿ ಬ್ಯಾಂಕಿನವರು ಒಂದು ಅಡುಗೆಮನೆ, ಒಂದು ಬಚ್ಚಲಿಗಾಗುವಷ್ಟು ಸಾಲ ಮಂಜೂರು ಮಾಡಿದರು. ಪುಟ್ಟಲಿಂಗಮ್ಮ ಬ್ಲೌಸ್ ಹೊಲಿದು ಸಂಪಾದಿಸಿದ್ದಕ್ಕೆ ಸಂಬಳದ ಚೀಟಿ ಇಲ್ಲವಲ್ಲ, ಹಾಗಾಗಿ ಬ್ಯಾಂಕಿನ ದೃಷ್ಟಿಯಲ್ಲಿ ಅದು ಆದಾಯವಲ್ಲ, ಹವ್ಯಾಸ. ಆ ಹವ್ಯಾಸದಿಂದಲೇ ಸೈಟು ಬಂದದ್ದೆಂಬುದು ಬೇರೆ ಮಾತು.

ಆಗ ಅವಳೊಂದು ವ್ಯೂಹ ರಚಿಸಿದಳು. ಮೊದಲು ನೆಲಮಹಡಿ ಕಟ್ಟಿ ಅದನ್ನು ಭೋಗ್ಯಕ್ಕೆ ಕೊಡುವುದು. ತಿಂಗಳ ಬಾಡಿಗೆ ಇಲ್ಲ; ಬದಲಿಗೆ ಮನೆ ಬಿಡುವಾಗ ಹಿಂದಿರುಗಿಸುವ ಕರಾರಿನ ಮೇಲೆ ಒಂದು ದೊಡ್ಡ ಗಂಟು. ಆ ಗಂಟಿನಲ್ಲಿ ಮೇಲೆ ತಮ್ಮ ಮನೆ ಎಬ್ಬಿಸುವುದು. ಕೆಳಗೆ ನಿವೃತ್ತ ಮೇಷ್ಟರು ಕೃಷ್ಣಸ್ವಾಮಿ ಬಂದು ಸೇರಿದರು. ಮೇಲೆ ಮನೆ ಎದ್ದಿತು. ದುಡ್ಡು ಮಾತ್ರ ಹೊರಗಿನ ಮೆಟ್ಟಿಲಿಗೆ ಬಂದು ಸುಸ್ತಾಗಿ ಕುಳಿತಿತು. ಕಂಬಿ ಇರಬೇಕಾದ ಕಡೆ ಸರ್ವೆ ಮರದ ಕೋಲು ಕಟ್ಟಿ, ಶುಕ್ರವಾರ ಗೃಹಪ್ರವೇಶವೆಂದು ನೆಂಟರಿಗೆಲ್ಲ ಸಾರಿದ್ದಾಯಿತು.

ಹೊಸ ಮನೆಗೆ ಮೊದಲು ಕಾಲಿಡಬೇಕಾದ್ದು ಹಸು. ಹಾಲು ಮಾರುವ ಸಿದ್ದಪ್ಪಾಜಿ ತನ್ನ ಹಸುವಿಗೆ ಅರಿಸಿನ ಕುಂಕುಮ ಬಳಿದು ಹಿಡಿದುಕೊಂಡು ಬಂದ. ಅದು ಮೊದಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿತು, ತಲೆಯೆತ್ತಿ ಮೇಲಕ್ಕೆ ನೋಡಿತು, ಸಾಲದ ಅರ್ಜಿ ನೋಡಿದ ಮ್ಯಾನೇಜರರಂತೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡಿತು.

ಬಾಳೆಹಣ್ಣಿನ ಆಸೆ ತೋರಿಸಿದ್ದಾಯಿತು. ಮೆಟ್ಟಿಲಿನ ಮೇಲೆಲ್ಲ ಬೆಲ್ಲ ಇಟ್ಟರೆ, ನೆಲದಲ್ಲೇ ನಿಂತು ಕತ್ತು ಚಾಚಿ ಎಟುಕಿದಷ್ಟನ್ನೂ ನೆಕ್ಕಿತು. ಲಿಂಗರಾಜು ಹಿಂದಿನಿಂದ ತಳ್ಳುವ ಸಾಹಸ ಮಾಡಿ, ಮರುಕ್ಷಣವೇ ಪಂಚೆ ಬದಲಾಯಿಸಲು ಓಡಿದ.

“ರಾಹುಕಾಲ ಹತ್ತೂವರೆಗೆ ಕಣಮ್ಮ,” ಅಂದರು ಪುರೋಹಿತರು. “ಹಸುಗೆ ಗೊತ್ತಿಲ್ದೆ ಇರ್ಬೌದು, ನಿಮಗೆ ಹೇಳ್ತಿದೀನಿ.”

ಸ್ವಂತ ಮನೆ, ಕಾರು, ಎರಡೂ ಉಳ್ಳ ಓರಗಿತ್ತಿ ಸರೋಜಮ್ಮ ಕುರ್ಚಿಯಿಂದ ಏಳದೆಯೇ ಪರಿಹಾರ ಸೂಚಿಸಿದಳು. “ಕೆಳಗಿನ ಮನೆಗೇ ನುಗ್ಗಿಸ್ಬುಡು ಕಣೆ ಪುಟ್ಲಿಂಗಿ. ಅದೂ ನಿಂದೇ ತಾನೆ? ಹೆಸರಿಗಾದ್ರೂ.”

“ನಮ್ಮದೇನೂ ಅಭ್ಯಂತರ ಇಲ್ಲಮ್ಮ, ಸೋಫಾ ಸರಿಸ್ತೀನಿ,” ಎಂದರು ಕೃಷ್ಣಸ್ವಾಮಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ.

ಪುಟ್ಟಲಿಂಗಮ್ಮನಿಗೆ ಮೈಯೆಲ್ಲ ಉರಿಯಿತು. ಗೋಡೆಗೆ ಮೊಳೆ ಹೊಡೆಯಲು, ನೆಂಟರನ್ನು ಉಳಿಸಿಕೊಳ್ಳಲು, ಕೊನೆಗೆ ಬಟ್ಟೆ ಒಣಗಹಾಕಲೂ ಬಾಡಿಗೆ ಮನೆಗಳ ಮಾಲೀಕರ ಅಪ್ಪಣೆ ಕೇಳುತ್ತಾ ಅರ್ಧ ಆಯಸ್ಸು ಕಳೆದಿದ್ದಳು. ಹಸು ಕೆಳಗೇ ಹೊಕ್ಕರೆ, ತನ್ನದು ಮೇಷ್ಟರ ಮನೆಯ ಅಟ್ಟವಾಗುತ್ತದೆ. ನೆಂಟರ ಬಾಯಲ್ಲಿ ಎಂದೆಂದಿಗೂ ಅಟ್ಟವಾಗಿಯೇ ಉಳಿಯುತ್ತದೆ.

“ಸೋಫಾ ಇರ್ಲಿ ಬುಡಿ ಸಾರ್. ಹಸ ಮೇಲಕ್ಕೇ ಹತ್ತಬೇಕು,” ಎಂದವಳೇ ಸಿದ್ದಪ್ಪಾಜಿಯತ್ತ ತಿರುಗಿದಳು. “ಅಣ್ಣ, ಇದರ ಕರು ಎಲ್ಲಿ?”

“ಆಲು ಉಕ್ಕಿಸೋಕೆ ಚೊಂಬು ತುಂಬ ಬೇಕು ಅಂದಿದ್ದು ನೀನೇ ಅಲ್ವಾ ಕಣವ್ವ? ಕರು ಜೊತೆಗೆ ಬಂದ್ರೆ ದಾರೀಲೇ ಕುಡಿದ್ಬುಡ್ತದೆ ಅಂತ ಕೊಟ್ಟಿಗೇಲಿ ಕಟ್ಟಾಕ್ಬಂದೆ.”

“ಹಾಲೇನೋ ಬಂತು ಕಣಣ್ಣ, ಹಸ ಬರ್ಲಿಲ್ವಲ್ಲ. ರೀ, ಗಾಡಿ ತೆಗೀರಿ.”

ಮುಂದಿನದು ಬಡಾವಣೆ ಮರೆಯುವಂಥದ್ದಲ್ಲ. ಗಾಜಿನ ಬಾಲ್ಕನಿಗಳ ಬಂಗಲೆಸಾಲಿನ ನಡುವೆ ಲಿಂಗರಾಜುವಿನ ಮೊಪೆಡ್ಡು. ಹಿಂದೆ ಧಾರೆ ಸೀರೆಯುಟ್ಟ ಪುಟ್ಟಲಿಂಗಮ್ಮ. ಅವಳ ತೊಡೆಯ ಮೇಲೆ ನಾಲ್ಕು ಕಾಲನ್ನೂ ಎರಡು ಕಡೆ ಇಳಿಬಿಟ್ಟು, ಸುತ್ತಲಿನ ಆಸ್ತಿಪಾಸ್ತಿಯನ್ನು ಪರಿಶೀಲಿಸುತ್ತಿದ್ದ ಕರು. ಕಾರ್ಖಾನೆಯ ಶಿಫ್ಟಿನ ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ ಶಿಳ್ಳೆ ಹೊಡೆದರು. ಕರು ಗಾಬರಿಯಾಗಿ ಜರಿಯಂಚಿಗೆ ತೀರ್ಥ ಪ್ರೋಕ್ಷಿಸಿತು. ಪುಟ್ಟಲಿಂಗಮ್ಮ ಕತ್ತು ಕೂಡ ಅಲ್ಲಾಡಿಸಲಿಲ್ಲ.

ಗೇಟಿನಲ್ಲಿ ಇಳಿದವಳು ಕರುವನ್ನು ಯಾರ ಕೈಗೂ ಕೊಡದೆ, ಅಪ್ಪಿಕೊಂಡೇ ಮೆಟ್ಟಿಲು ಹತ್ತಿ, ಹೊಸ್ತಿಲ ಹೊರಗಿನ ಜಗಲಿಯ ಮೇಲೆ ನಿಲ್ಲಿಸಿದಳು. ಅದು ಕೆಳಗೆ ನೋಡಿ ಒಮ್ಮೆ ಕೂಗಿತು.

ಹಸು ತಲೆಯೆತ್ತಿತು. ಸಿದ್ದಪ್ಪಾಜಿಯ ಕೈಯಿಂದ ಹಗ್ಗ ಜಾರಿತು. ಪುರೋಹಿತರು ಕಳಶದ ಸಮೇತ ಗೋಡೆಗೆ ಅಂಟಿಕೊಂಡರು. ಸರ್ವೆ ಕೋಲುಗಳು ಕಿರುಗುಟ್ಟುತ್ತಿದ್ದಂತೆ ಹಸು ದಡದಡನೆ ಹತ್ತಿ, ಬಂದ ರಭಸಕ್ಕೆ ಕರುವನ್ನೂ ಹೊಸ್ತಿಲನ್ನೂ ದಾಟಿ, ಬಲಗಾಲನ್ನೇ ಮುಂದಿಟ್ಟು ನಡುಮನೆಯ ಮಧ್ಯೆ ನಿಂತಿತು. ನಿಂತು, ಫಳಫಳ ಹೊಳೆಯುವ ಟೈಲ್ಸಿನ ಮೇಲೆ ಧಾರಾಳವಾಗಿ ಸಗಣಿ ಹಾಕಿತು.

“ಶುಭ,” ಎಂದರು ಪುರೋಹಿತರು, ಗಡಿಯಾರ ನೋಡಿಕೊಂಡು.

ಒಲೆಯ ಮೇಲೆ ಹಾಲು ಉಕ್ಕಿತು. ಕೆಳಗೆ ಕುರ್ಚಿ ಹಿಡಿದು ಕುಳಿತಿದ್ದ ಸರೋಜಮ್ಮನೂ ಮಂಡಿ ಹಿಡಿದುಕೊಂಡು ಅಷ್ಟೂ ಮೆಟ್ಟಿಲು ಹತ್ತಿ ಬರಬೇಕಾಯಿತು. ಹಸುವಿನ ಬಾಲ ತಪ್ಪಿಸಿಕೊಳ್ಳುತ್ತಾ, “ಮನೆ ಲಕ್ಷಣವಾಗೈತೆ ಕಣೆ” ಅಂದಳು. ಮೇಷ್ಟರು ಎರಡು ಸಲ ಪಾಯಸ ಹಾಕಿಸಿಕೊಂಡರು.

ಊಟ ಮುಗಿದ ಮೇಲೆ ತಿಳಿದದ್ದೇನೆಂದರೆ, ಹತ್ತಿದ ಹಸು ಇಳಿಯಲು ಒಪ್ಪುತ್ತಿಲ್ಲ. ಸಿದ್ದಪ್ಪಾಜಿ ಮೆಟ್ಟಿಲ ಅಂಚಿಗೆ ಎಳೆದು ತಂದಾಗಲೆಲ್ಲ ಕೆಳಗೆ ನೋಡಿ, ಒಳಗೆ ಹೋಗಿ ಕರುವಿನ ಪಕ್ಕ ನಿಲ್ಲುತ್ತಿತ್ತು. ಲಿಂಗರಾಜು ಕಂಗಾಲಾದ. “ಈಗೇನ್ ಮಾಡೋದೆ?”

ಪುಟ್ಟಲಿಂಗಮ್ಮ ತನ್ನ ನಡುಮನೆಯ ಗೋಡೆಗೆ ಒರಗಿ, ಕಾಲು ಚಾಚಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

“ಸಾಯಂಕಾಲದ ತನಕ ಇರ್ಲಿ ಬುಡಿ ಪಾಪ. ಇಲ್ಲಿ ಖಾಲಿ ಮಾಡಿ ಅನ್ನೋರು ಯಾರವ್ರೆ?”