ನೋವಿಗೆ ನಾನು ಕೊಟ್ಟ ಅಂಕ

ಮುಖ ನೋಡಿಯೇ ನೋವು ಎಷ್ಟೆಂದು ಹೇಳಬಲ್ಲೆ ಎಂಬ ಜಂಬ ನನಗಿತ್ತು. ಇನ್ನು ಗುಣವಾಗದು ಎಂದು ಮನೆಗೆ ಕಳಿಸಿದ ಕ್ಯಾನ್ಸರ್ ರೋಗಿಗಳನ್ನು ಮೂಡುಬಿದಿರೆಯಿಂದ ಜೀಪಿನಲ್ಲಿ ಹೋಗಿ ನೋಡಿಕೊಳ್ಳುವ ನರ್ಸ್ ನಾನು. ನೋವು ಎಷ್ಟಿದೆ ಎಂದು ಕೇಳಿ, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೆಯುವುದು ಮೊದಲ ಕೆಲಸ. ಅದನ್ನು ನೋಡಿಯೇ ಡಾಕ್ಟರು ಮಾತ್ರೆ ಹೆಚ್ಚು ಕಡಿಮೆ ಮಾಡುವುದು.

ನಾರಾವಿಯ ಹತ್ತಿರ ಒಬ್ಬರು ಅಮ್ಮ ಇದ್ದರು. ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿತ್ತು. ಪ್ರತಿ ಮಂಗಳವಾರ ನಾನು ಹೋಗುವಾಗ ಒಗೆದ ಸೀರೆ ಉಟ್ಟು, ತಲೆ ಬಾಚಿ ಜಗಲಿಯಲ್ಲಿ ಕೂತಿರುತ್ತಿದ್ದರು. ತಾವೇ ಎದ್ದು ಬೆಲ್ಲ, ನೀರು ತಂದಿಡುತ್ತಿದ್ದರು.

“ನೋವು ಹೇಗುಂಟು ಅಮ್ಮ?”

“ಅಡ್ಡಿಲ್ಲ ಸಿಸ್ಟರ್. ಎರಡು ಬರೀರಿ.”

“ಮಾತ್ರೆ ಸರಿಯಾಗಿ ತಗೊಳ್ತೀರಲ್ಲ?”

“ಹೌದು.”

ಬೆಲ್ಲ ಬಾಯಿಗೆ ಹಾಕಿಕೊಂಡು ಎರಡು ಎಂದು ಬರೆಯುತ್ತಿದ್ದೆ. ಮೂರು ತಿಂಗಳು ಹೀಗೇ ನಡೆಯಿತು. ಒಮ್ಮೆ ಸೊಸೆ ನನ್ನನ್ನು ಅಂಗಳಕ್ಕೆ ಕರೆದು, “ಉಳಿದ ದಿನ ಅತ್ತೆ ಎದ್ದು ಕೂರುವುದೇ ಇಲ್ಲ ಸಿಸ್ಟರ್, ನರಳ್ತಾ ಇರ್ತಾರೆ” ಎಂದಳು. ಚಾಕರಿ ಮಾಡಿ ಬೇಸತ್ತವಳ ದೂರು ಎಂದುಕೊಂಡೆ. “ನಾನು ಇಂಥವರನ್ನು ನೋಡ್ಲಿಕ್ಕೆ ಶುರು ಮಾಡಿ ಹದಿನೈದು ವರ್ಷ ಆಯ್ತು” ಎಂದು ಅವಳ ಬಾಯಿ ಮುಚ್ಚಿಸಿದೆ. ನೆನೆದರೆ ಈಗಲೂ ನಾಚಿಕೆಯಿಂದ ಮೈ ಮುದುಡುತ್ತದೆ.

ಒಂದು ವಾರ, ಮಂಗಳವಾರ ಜೀಪು ಗ್ಯಾರೇಜಿಗೆ ಹೋಗಬೇಕೆಂದು ಸೋಮವಾರವೇ ಹೊರಟೆವು. ಫೋನ್ ಮಾಡಿ ತಿಳಿಸಿರಲಿಲ್ಲ. ಅಮ್ಮ ಒಳಗೆ ನೆಲದ ಮೇಲೆ, ಮೊಣಕಾಲು ಎದೆಗೊತ್ತಿಕೊಂಡು ಸೆರಗು ಕಚ್ಚಿ ಮಲಗಿದ್ದರು. ನನ್ನನ್ನು ಕಂಡು ಕೂದಲು ಸರಿಮಾಡಲು ಕೈ ಎತ್ತಿದರು, ಆಗಲಿಲ್ಲ.

“ನಾಳೆ ಅಲ್ವಾ ನೀವು ಬರುವುದು?”

ಮಾತ್ರೆ ಎಲ್ಲಿ ಎಂದು ಅವತ್ತು ಮೊದಲ ಸಲ ಕೇಳಿದೆ. ದಿಂಬಿನ ಅಡಿ ತೋರಿಸಿದರು. ಮಾತ್ರೆಯ ಪಟ್ಟಿಗಳು ಹೆಚ್ಚಿನವು ಬಿಡಿಸದೆ ಹಾಗೇ ಇದ್ದವು.

“ಈಗಲೇ ತಿಂದ್ರೆ ಕಡೆಗೆ ನೋವು ಜೋರಾದಾಗ ನಾಟುವುದಿಲ್ಲವಂತೆ. ನೀವು ಬರುವ ದಿನ ಮಾತ್ರ ತಗೊಳ್ತೇನೆ. ಮನೆಗೆ ಬಂದವರ ಎದುರು ಬಿದ್ಕೊಂಡಿರ್ಲಿಕ್ಕೆ ಆಗ್ತದಾ?”

ಮಾತ್ರೆ ನುಂಗಿಸಿದೆ. ಸೊಸೆ ಅತ್ತೆಯ ತಲೆ ಎತ್ತಿ ಹಿಡಿದು ನೀರು ಕುಡಿಸಿದಳು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ, ನೋವು ಒಂಬತ್ತು, ಮಾತ್ರೆ ತಪ್ಪಿಸಿದ್ದಾರೆ ಎಂದೆ.

“ಎಷ್ಟು ದಿನದಿಂದ?” ಎಂದು ಕೇಳಿದರು.

ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು.

“ಈ ವಾರ ಮಾತ್ರ ಡಾಕ್ಟ್ರೇ” ಎಂದೆ.